ಹಿಟ್ಟು ಬೇಡ, ಕಾಳು ಇಡಿ, ನೀರು ಮರೆಯಬೇಡಿ

ತುರ್ತು ಸಮಯಕ್ಕೆಂದು ನಾಲ್ಕು ಜನರಿಗೆ ಎರಡು ವಾರಕ್ಕಾಗುವ ದಾಸ್ತಾನು ಮಾಡಿಡಬೇಕು, 20 ಕಿಲೋ ಗೋಧಿ ಹಿಟ್ಟು ತಂದಿಡಲೇ ಎಂದು ಕೇಳಿದ್ದೀರಿ. ಬೇಡ. ಇಡೀ ಗೋಧಿ ಬೀಸಿದ ಹಿಟ್ಟಿನಲ್ಲಿ ಕಾಳಿನ ಎಣ್ಣೆಯಂಶಕ್ಕೆ ಗಾಳಿ ತಗುಲಿ ಕೆಲವೇ ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಪಾಲಿಶ್ ಮಾಡದ ಅಕ್ಕಿಯದೂ ಇದೇ ಕಥೆ. ಬಿಳಿ ಅಕ್ಕಿ, ಬೀಸದ ಗೋಧಿ, ಬೇಳೆ ಚೆನ್ನಾಗಿ ಒಣಗಿದ್ದು, ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿದ್ದರೆ ವರ್ಷಗಟ್ಟಲೆ ಬರುತ್ತವೆ. ಹುಳದ ಭಯವಿದ್ದರೆ ಮೊದಲು ನಾಲ್ಕು ದಿನ ಫ್ರೀಜರ್‌ನಲ್ಲಿಡಿ, ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿಯುವ ತನಕ ಪೊಟ್ಟಣ ಬಿಚ್ಚಬೇಡಿ, ತೇವ ಕೂತು ಬೂಸ್ಟು ಹಿಡಿಯುತ್ತದೆ.

ಅದಿರಲಿ, ನೀರಿನ ಮಾತೇ ಎತ್ತಿಲ್ಲವಲ್ಲ ನೀವು! ಕುಡಿಯಲು, ಅಡುಗೆಗೆ, ಕೈತೊಳೆಯಲು ಸೇರಿ ತಲೆಗೆ ದಿನಕ್ಕೆ ಸುಮಾರು 4 ಲೀಟರ್ ಲೆಕ್ಕ ಹಾಕುತ್ತಾರೆ. ನಿಮಗೆ 224 ಲೀಟರ್ ಆಯಿತು, ಅಂದರೆ 224 ಕಿಲೋ ಭಾರ. ಅಟ್ಟದ ಮೇಲೆ ಹೇರಬೇಡಿ, ನೆಲದ ಮೇಲೇ ಇಡಿ. ಜಾಗ ಸಾಲದಿದ್ದರೆ ಮೂರು ದಿನದ 48 ಲೀಟರ್‌ನಿಂದ ಶುರು ಮಾಡಿ. ಅದು ಮುಗಿದ ಮೇಲೆ ಹೊರಗೆ ಸಿಕ್ಕ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ರಾಸಾಯನಿಕ ಬೆರೆತಿದ್ದರೆ ಮಾತ್ರ ಕುದಿಸಿ ಪ್ರಯೋಜನವಿಲ್ಲ.

ಇನ್ನೊಂದು ಮಾತು: ಬೇಳೆ ಬೇಯಲು ನೀರೂ ಬೇಕು, ಉರಿಯೂ ಬೇಕು. ಒಲೆ ಹಚ್ಚದೆ ತಿನ್ನುವಂಥದ್ದು ಮೂರು ದಿನಕ್ಕಾದರೂ ಇರಲಿ. ಡಬ್ಬಿ ಆಹಾರವಾದರೆ ಕೈಯಲ್ಲಿ ತಿರುಗಿಸುವ ಓಪನರ್ ಅದರ ಜೊತೆಗೇ ಕಟ್ಟಿಡಿ. ಮನೆಯಲ್ಲಿ ದಿನಾ ಮಾತ್ರೆ ನುಂಗುವವರು ಯಾರಾದರೂ ಇದ್ದಾರೆಯೇ?