ಹ್ಯಾಮ್ ರೇಡಿಯೋಗೆ ಬಾಲ್ಕನಿಯಲ್ಲಿ ಮ್ಯಾಗ್ನೆಟಿಕ್ ಲೂಪ್ ಆಂಟೆನಾ (ಪೈಪಿನ ಒಂದು ಉಂಗುರ, ಅದರ ಎರಡು ತುದಿ ನಡುವೆ ಕೆಪಾಸಿಟರ್) ಮಾಡೋಕೆ ತಾಮ್ರದ ಪೈಪ್ ಒಳ್ಳೇದಾ, ಅಲ್ಯೂಮಿನಿಯಂ ಸಾಕಾ?

ಯಾವ್ದಾದ್ರೂ ತಗೊಳ್ಳಿ, ಪೈಪ್ ಯಾವ ಲೋಹ ಅನ್ನೋದಕ್ಕಿಂತ ಜಾಸ್ತಿ ನಿಮ್ಮ ಪವರ್ ತಿನ್ನೋದು ಕೆಪಾಸಿಟರ್ ಹತ್ರ ಇರೋ ಕೆಟ್ಟ ಜಾಯಿಂಟು. ನಾನು ತಾಮ್ರಾನೇ ಬೇಕು ಅಂತ ಹಟ ಹಿಡಿದು 22 ಮಿಮೀ ಪೈಪಲ್ಲಿ ಒಂದು ಮೀಟರ್ ಅಗಲದ ಲೂಪ್ ಮಾಡಿ, ಒಳಗೆ ಅದರ ಐದನೇ ಒಂದು ಭಾಗದಷ್ಟು ಕಪ್ಲಿಂಗ್ ಲೂಪ್ (ರೇಡಿಯೋದ ಪವರನ್ನ ದೊಡ್ಡ ಲೂಪಿಗೆ ದಾಟಿಸೋ ಚಿಕ್ಕ ಉಂಗುರ) ಕೂರಿಸಿ, ಹಳೇ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರ್ (ಒಂದೇ ಶಾಫ್ಟಲ್ಲಿ ತಿರುಗೋ ಜೋಡಿ ಕೆಪಾಸಿಟರ್) ಹಾಕಿದ್ದೆ. ಎಸ್‌ಡಬ್ಲ್ಯುಆರ್ (ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತೆ ಅನ್ನೋ ಅಳತೆ) ಚೆನ್ನಾಗಿ ಬಂತು, 40 ಮೀಟರ್ ಬ್ಯಾಂಡಲ್ಲಿ (7 ಮೆಗಾಹರ್ಟ್ಸ್ ಹತ್ರ) 20 ಕಿಲೋಹರ್ಟ್ಸ್ ಆಚೀಚೆ ಹೋದ್ರೂ ಮತ್ತೆ ಟ್ಯೂನ್ ಮಾಡೋದೇ ಬೇಡ, ನಾನೋ ಫುಲ್ ಖುಷಿ. ಆದ್ರೆ ಎಷ್ಟು ಕರೆದ್ರೂ ಒಬ್ರೂ ಉತ್ತರ ಕೊಡ್ತಿರ್ಲಿಲ್ಲ, ನಾನು ಬಿಲ್ಡಿಂಗಿನ ಕಾಂಕ್ರೀಟನ್ನ ಬೈಕೊಂಡು ಇನ್ನೂ ದಪ್ಪ ಪೈಪ್ ತಂದು ಲೂಪನ್ನೇ ಮತ್ತೆ ಕಟ್ಟಿದೆ, ದುಡ್ಡು ದಂಡ.

ಆ 20 ಕಿಲೋಹರ್ಟ್ಸೇ ರೋಗದ ಲಕ್ಷಣ, ನಾನು ಅದನ್ನ ಆರೋಗ್ಯ ಅನ್ಕೊಂಡಿದ್ದೆ. ಈ ಸೈಜಿನ ಲೂಪಿಗೆ 7 ಮೆಗಾಹರ್ಟ್ಸಲ್ಲಿ ರೇಡಿಯೇಷನ್ ರೆಸಿಸ್ಟೆನ್ಸ್, ಅಂದ್ರೆ ಅಲೆಯಾಗಿ ಹೊರಗೆ ಹೋಗೋ ಪವರಿನ ಪಾಲು, ಬರೀ 6 ಮಿಲಿಓಮ್, ಪೈಪಲ್ಲಿ ಬಿಸಿಯಾಗಿ ಹೋಗೋ ಪಾಲೇ ಸುಮಾರು 30 ಮಿಲಿಓಮ್, ಹಂಗಾಗಿ ಸರಿಯಾಗಿ ಕಟ್ಟಿದ ಲೂಪ್ ಒಂದು ಸಲ ಟ್ಯೂನ್ ಮಾಡಿದ್ರೆ ಕೆಲಸ ಮಾಡೋ ಫ್ರೀಕ್ವೆನ್ಸಿ ಅಗಲ ಸುಮಾರು 5 ಕಿಲೋಹರ್ಟ್ಸ್ ಅಷ್ಟೇ ಇರ್ಬೇಕು, ಕೈ ಹತ್ರ ತಂದ್ರೂ ಟ್ಯೂನ್ ಜಾರ್ಬೇಕು. ಅದಕ್ಕಿಂತ ತುಂಬಾ ಅಗಲ ಇದೆ ಅಂದ್ರೆ ಎಲ್ಲೋ ಪವರ್ ಬಿಸಿಯಾಗಿ ಹೋಗ್ತಿದೆ. ಎಸ್‌ಡಬ್ಲ್ಯುಆರ್ ಮೀಟರ್ ಇದನ್ನ ಹೇಳಲ್ಲ, ಪವರನ್ನೆಲ್ಲ ಬರೀ ಬಿಸಿ ಮಾಡೋ ಡಮ್ಮಿ ಲೋಡ್ ಹಾಕಿದ್ರೂ ಅದು 1.1 ಅಂತಾನೇ ತೋರ್ಸುತ್ತೆ. ನನ್ನದ್ರಲ್ಲಿ ಲೂಪಿನ ಒಂದು ತುದಿ ಕಂಡೆನ್ಸರ್ ಫ್ರೇಮಿಗೆ ಹೋಗ್ತಿತ್ತು, ಅಂದ್ರೆ ಪೂರ್ತಿ ಕರೆಂಟು ತಿರುಗೋ ಶಾಫ್ಟಿಗೆ ಒತ್ತಿಕೊಂಡಿರೋ ಆ ಚಿಕ್ಕ ಸ್ಪ್ರಿಂಗ್ ಪತ್ತಿ ಮೂಲಕಾನೇ ಹಾಯ್ಬೇಕಿತ್ತು, 5 ವಾಟಿಗೇ ಎಂಟ್ಹತ್ತು ಆಂಪ್!

ಪರಿಹಾರ ಅದೇ ಕಂಡೆನ್ಸರಲ್ಲೇ ಇತ್ತು. ಎರಡು ಗ್ಯಾಂಗಿನ ಅಲ್ಲಾಡದ ತಟ್ಟೆಗಳಿಗೆ, ಅಂದ್ರೆ ಸ್ಟೇಟರ್‌ಗಳಿಗೆ ಲೂಪಿನ ಎರಡು ತುದಿ ಬೆಸುಗೆ ಹಾಕಿ, ತಿರುಗೋ ತಟ್ಟೆಗಳ ರೋಟರನ್ನ ಯಾವುದಕ್ಕೂ ಸೇರಿಸದೆ ಹಂಗೇ ಬಿಟ್ಬಿಡಿ, ಸ್ಪ್ರಿಂಗ್ ದಾರಿಯಿಂದ ಹೊರಗೆ ಬೀಳುತ್ತೆ. ಕೆಪಾಸಿಟೆನ್ಸ್ ಅರ್ಧ ಆಗುತ್ತೆ, ಆಗ್ಲಿ, 40 ಮೀಟರಿಗೆ ಬೇಕಾಗಿರೋದು ಸುಮಾರು 200 ಪಿಕೋಫ್ಯಾರಡ್, ತಡೆಯೋ ವೋಲ್ಟೇಜ್ ಡಬಲ್ ಆಗೋದು ಲಾಭ. ಶಾಫ್ಟಿಗೆ ಮಾತ್ರ ಉದ್ದದ ಪ್ಲಾಸ್ಟಿಕ್ ಕಡ್ಡಿ ಹಾಕಿ ತಿರುಗಿಸಿ, 10 ವಾಟಿಗೇ ಅಲ್ಲಿ 2000 ವೋಲ್ಟ್ ದಾಟುತ್ತೆ, ಅಷ್ಟು ಪವರಿಗೆ ರೇಡಿಯೋ ಕಂಡೆನ್ಸರಲ್ಲಿ ಕಿಡಿ ಹಾರಿದ್ರೂ ಹಾರ್ಬೋದು.

ಇನ್ನೊಂದು, 40 ಮೀಟರಿಂದಾನೇ ಯಾಕೆ ಶುರು ಮಾಡ್ತೀರಾ? ಇದೇ ಲೂಪ್ 20 ಮೀಟರಲ್ಲಿ (14 ಮೆಗಾಹರ್ಟ್ಸ್ ಹತ್ರ) ಹಾಕಿದ್ರೆ ರೇಡಿಯೇಷನ್ ರೆಸಿಸ್ಟೆನ್ಸ್ 16 ಪಟ್ಟು, ಜಾಯಿಂಟು ಸರಿ ಇದ್ರೆ ಅರ್ಧಕ್ಕಿಂತ ಜಾಸ್ತಿ ಪವರ್ ಹೊರಗೆ ಹೋಗುತ್ತೆ. ಟ್ರಾನ್ಸ್‌ಮಿಟ್ ಮಾಡುವಾಗ ನೀವೂ ಗೋಡೆ ಆಚೆಯವ್ರೂ ಅದರಿಂದ ಕೆಲವು ಮೀಟರ್ ದೂರ ಇರೋ ಹಾಗೆ ಜಾಗ ನೋಡ್ಕೊಳ್ಳಿ, ಆ ಜಾಗ ಸಿಗಲ್ಲ ಅಂದ್ರೆ ರಿಸೀವ್‌ಗೆ ಮಾತ್ರ ಇಟ್ಕೊಳ್ಳಿ.