ಓದುಗರ ಪ್ರಶ್ನೆ: ಚೀಲ ಒಂದೇ, ಗೊಬ್ಬರದ ದರ ಊರಿಗೊಂದು ಏಕೆ?

ಪ್ರಶ್ನೆ: ನಮ್ಮದು ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡುವ ಹೊತ್ತಿನಲ್ಲಿ ಇಲ್ಲಿನ ಅಂಗಡಿಯವರು ಯೂರಿಯಾ ಚೀಲಕ್ಕೆ 330 ರೂ. ತೆಗೆದುಕೊಂಡರು, ಜೊತೆಗೆ ನ್ಯಾನೋ ಯೂರಿಯಾ ಬಾಟಲಿಯೊಂದನ್ನು ಕೊಳ್ಳಲೇಬೇಕೆಂದರು. ಅದೇ ವಾರ ಭದ್ರಾವತಿ ಕಡೆಯ ನಮ್ಮ ಭಾವ ಸೊಸೈಟಿಯಲ್ಲಿ ಮುದ್ರಿತ ದರಕ್ಕೇ ತಂದಿದ್ದಾರೆ. ಸರ್ಕಾರ ಜಿಲ್ಲೆಗೊಂದು ದರ ಇಡುತ್ತದೆಯೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಇಲ್ಲ. ಯೂರಿಯಾಕ್ಕೆ ದೇಶದಾದ್ಯಂತ ಒಂದೇ ಗರಿಷ್ಠ ಮಾರಾಟ ದರವಿದೆ. 45 ಕೆ.ಜಿ. ಚೀಲಕ್ಕೆ 242 ರೂ., ಅದರ ಮೇಲೆ ಬೇವಿನ ಲೇಪನದ ಶುಲ್ಕ ಮತ್ತು ತೆರಿಗೆ ಸೇರಿ 266 ರೂ. 50 ಪೈಸೆ. ಕಾರ್ಖಾನೆ ಮಂಗಳೂರಿನ ಪಣಂಬೂರಿನಲ್ಲೇ ಇದ್ದರೂ ಅಲ್ಲಿನ ರೈತರಿಗೆ ಅಗ್ಗವಾಗಿ ಸಿಗುವುದಿಲ್ಲ, ಬೀದರಿನವರಿಗೆ ತುಟ್ಟಿಯಾಗಬೇಕಿಲ್ಲ; ಸಾಗಣೆ ವೆಚ್ಚವನ್ನು ಕೇಂದ್ರ ಸರ್ಕಾರ ಕಂಪನಿಗಳಿಗೆ ಪ್ರತ್ಯೇಕವಾಗಿ ಭರಿಸಿಕೊಡುವುದೇ ಇದಕ್ಕೆ ಕಾರಣ. ಹಾಗಾಗಿ ನೀವು ಕಂಡ ವ್ಯತ್ಯಾಸ ಹುಟ್ಟಿದ್ದು ಗೊಬ್ಬರದ ಗೂಡ್ಸ್ ರೈಲು ಖಾಲಿಯಾಗುವ ಜಾಗದಿಂದ (ರೇಕ್ ಪಾಯಿಂಟ್) ನಿಮ್ಮೂರಿನ ಅಂಗಡಿಯವರೆಗಿನ ಕೊನೆಯ ಹಾದಿಯಲ್ಲಿ.

ಯೂರಿಯಾ ಮಾರುವವರಿಗೆ 2018ರ ಏಪ್ರಿಲ್‌ನಲ್ಲಿ ಗೊತ್ತುಮಾಡಿದ ಕಮಿಷನ್ ಟನ್ನಿಗೆ 354 ರೂ., ಅಂದರೆ ಚೀಲಕ್ಕೆ ಹದಿನಾರು ರೂಪಾಯಿಯಷ್ಟು. ಕಂಪನಿಯವರು ಅಂಗಡಿಯ ಬಾಗಿಲಿಗೆ ತಲುಪಿಸದೆ ರೇಕ್ ಪಾಯಿಂಟ್‌ನಲ್ಲೇ ಮಾಲು ಒಪ್ಪಿಸಿದರೆ ಲಾರಿ ಬಾಡಿಗೆ ಮತ್ತು ಹಮಾಲಿ ಈ ಹದಿನಾರು ರೂಪಾಯಿಯಲ್ಲೇ ಹುಟ್ಟಬೇಕು. ಒಳನಾಡಿನ ಸಣ್ಣ ವ್ಯಾಪಾರಿಗೆ ಇದು ನಿಜವಾಗಿಯೂ ಗಿಟ್ಟುವುದಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಅದು ಅವರು ಕಂಪನಿಯೊಂದಿಗೆ ಬಗೆಹರಿಸಿಕೊಳ್ಳಬೇಕಾದ ವಿಷಯವೇ ಹೊರತು ರೈತನ ಕಿಸೆಯಿಂದ ಅರವತ್ತು ರೂಪಾಯಿ ಹೆಚ್ಚಿಗೆ ತೆಗೆಯಲು ಪರವಾನಗಿಯಲ್ಲ.

ಇನ್ನೊಂದು ಕಾರಣ ಬೆಳೆಯ ಗಡುವು. ಹಾವೇರಿ, ದಾವಣಗೆರೆ ಭಾಗದಲ್ಲಿ ಮೆಕ್ಕೆಜೋಳ ಹೆಚ್ಚುಕಡಿಮೆ ಒಂದೇ ಮಳೆಗೆ ಬಿತ್ತನೆಯಾಗುತ್ತದೆ. ತಿಂಗಳೊಪ್ಪತ್ತಿನೊಳಗೆ ಎಲ್ಲರಿಗೂ ಒಟ್ಟಿಗೇ ಯೂರಿಯಾ ಬೇಕಾಗುತ್ತದೆ. ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟಿನ ಭತ್ತದ ಸೀಮೆಯಲ್ಲಿ ಬೇಡಿಕೆ ನಾಟಿಯ ಬೆನ್ನಿಗೆ ಬರುತ್ತದೆ. ಅಲ್ಲಿ ಉದ್ರಿ ವ್ಯಾಪಾರವಿರುವ ಕಡೆ ಬಡ್ಡಿಯೂ ಗೊಬ್ಬರದ ಬೆಲೆಯೊಳಗೇ ಸೇರಿಹೋಗುವುದರಿಂದ, ಅದೇ ಅಂಗಡಿಯಲ್ಲಿ ನಗದಿಗೊಂದು, ಉದ್ರಿಗೊಂದು ದರ ನಡೆಯುತ್ತದೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರೈತರು ಸರದಿ ನಿಂತದ್ದನ್ನು ನೀವೂ ಕಂಡಿರುತ್ತೀರಿ. ಅಂಥ ದಿನಗಳಲ್ಲಿ ಮುದ್ರಿತ ದರ ಚೀಲದ ಮೇಲಷ್ಟೇ ಉಳಿಯುತ್ತದೆ.

ನ್ಯಾನೋ ಯೂರಿಯಾ ಬಾಟಲಿಯನ್ನು ಚೀಲದ ಜೊತೆ ‘ಲಿಂಕ್’ ಮಾಡಿ, ಅಂದರೆ ಕೊಳ್ಳಲೇಬೇಕೆಂದು ಕಟ್ಟಿಹಾಕಿ, ಮಾರುವಂತಿಲ್ಲ. ಗೊಬ್ಬರವನ್ನು ಮಾರಾಟ ದಾಖಲಿಸುವ ಪಿಒಎಸ್ ಯಂತ್ರದ ಮೂಲಕವೇ ಮಾರಬೇಕು, ರಸೀದಿ ಕೊಡಬೇಕು, ದಾಸ್ತಾನು ಮತ್ತು ದರದ ಫಲಕ ಹಾಕಬೇಕು. ಹೆಚ್ಚಿಗೆ ವಸೂಲು ಮಾಡುವವರು ಸಾಮಾನ್ಯವಾಗಿ 266 ರೂ. 50 ಪೈಸೆಗೆ ರಸೀದಿ ತೆಗೆದು ಉಳಿದದ್ದನ್ನು ಕೈಯಲ್ಲಿ ಪಡೆಯುತ್ತಾರೆ, ಇಲ್ಲವೇ ‘ಯಂತ್ರ ಕೆಟ್ಟಿದೆ’ ಎನ್ನುತ್ತಾರೆ. ರಸೀದಿ ಸಿಕ್ಕಿದ್ದರೆ ಅದರ ಜೊತೆಗೆ, ಸಿಗದಿದ್ದರೆ ದಿನಾಂಕ ಮತ್ತು ಚೀಲದ ಚಿತ್ರದೊಂದಿಗೆ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿಯನ್ನು ಅಮಾನತಿನಲ್ಲಿಡಲು ಅವಕಾಶವಿದೆ. ಬಾಯಿಮಾತಿನ ದೂರಿಗೆ ಫಲ ಕಡಿಮೆ.

ಪ್ರಶ್ನೆ: ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಸಿಗಲಿಲ್ಲ. ‘20:20:0:13 ತೆಗೆದುಕೊಳ್ಳಿ, ಚೀಲಕ್ಕೆ ಡಿಎಪಿಗಿಂತ ಕಡಿಮೆ’ ಎಂದು ಅಂಗಡಿಯವರು ಹೇಳುತ್ತಾರೆ. ಇದು ಲಾಭವೇ?
(ಗದಗ ಜಿಲ್ಲೆಯ ಓದುಗರು)

ಉತ್ತರ: ಚೀಲದ ಬೆಲೆ ನೋಡಬೇಡಿ, ಒಳಗಿರುವ ಪೋಷಕಾಂಶದ ಬೆಲೆ ನೋಡಿ. 20:20:0:13 ಎಂದರೆ ನೂರು ಕೆ.ಜಿ.ಯಲ್ಲಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ ಎಷ್ಟೆಷ್ಟು ಕೆ.ಜಿ. ಎಂಬ ಲೆಕ್ಕ. 50 ಕೆ.ಜಿ. ಡಿಎಪಿಯಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕವಿದೆ. ಅದರೊಂದಿಗೆ ಅರ್ಧ ಚೀಲ ಯೂರಿಯಾ ಸೇರಿಸಿದರೆ ಸಾರಜನಕ 19 ಕೆ.ಜಿ. ದಾಟುತ್ತದೆ, ಡಿಎಪಿಗೆ 1350 ರೂ. ಹಿಡಿದರೆ ಒಟ್ಟು ಖರ್ಚು 1485 ರೂ. ಒಳಗೆ. ಹೆಚ್ಚುಕಡಿಮೆ ಇಷ್ಟೇ ಪೋಷಕಾಂಶ 20:20:0:13ರಿಂದ ಬೇಕಾದರೆ ಎರಡು ಚೀಲ ಕೊಳ್ಳಬೇಕು. ಅದರ ಚೀಲ 1200 ರೂ.ಗೆ ಸಿಕ್ಕರೂ 2400 ರೂ. ಆಯಿತು. ಹೆಚ್ಚುವರಿಯಾಗಿ ಸಿಗುವುದು 13 ಕೆ.ಜಿ. ಗಂಧಕ.

ಈ ಅಂತರ ಗೊಬ್ಬರದ ಗುಣದಿಂದ ಬಂದದ್ದಲ್ಲ. 2010ರಿಂದ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳಿಗೆ ಪೋಷಕಾಂಶದ ಕೆ.ಜಿ. ಲೆಕ್ಕದಲ್ಲಿ ಸಹಾಯಧನ ಗೊತ್ತಾಗುತ್ತದೆ, ಮಾರಾಟ ದರವನ್ನು ಕಂಪನಿಗಳು ನಿರ್ಧರಿಸುತ್ತವೆ. ಆದ್ದರಿಂದಲೇ ಒಂದೇ ಸಂಯೋಜನೆಯ ಕಾಂಪ್ಲೆಕ್ಸ್ (ಒಂದಕ್ಕಿಂತ ಹೆಚ್ಚು ಪೋಷಕಾಂಶ ಸೇರಿದ) ಗೊಬ್ಬರ ಕಂಪನಿಯಿಂದ ಕಂಪನಿಗೆ ನೂರಿನ್ನೂರು ರೂಪಾಯಿ ಆಚೀಚೆ ಇರುವುದು ಅಕ್ರಮವಲ್ಲ. ಡಿಎಪಿಯದು ಬೇರೆ ಕಥೆ: 2021ರಲ್ಲಿ ಚೀಲದ ದರ 1900 ರೂ.ಗೆ ಏರಿದಾಗ ಕೇಂದ್ರವು ಚೀಲದ ಸಹಾಯಧನವನ್ನು 500ರಿಂದ 1200 ರೂ.ಗೆ ಹೆಚ್ಚಿಸಿ ದರವನ್ನು 1200ಕ್ಕೆ ಇಳಿಸಿತು. ಮುಂದೆ ಅದು 1350ಕ್ಕೆ ಬಂದು ನಿಂತಿತು. ಹೀಗೆ ಹಿಡಿದಿಟ್ಟ ದರದ ಮಾಲಿಗೆ ಎಲ್ಲರೂ ಮುಗಿಬೀಳುವುದು, ಅದೇ ಮೊದಲು ಖಾಲಿಯಾಗುವುದು ಸಹಜ.

ಡಿಎಪಿ ಸಿಗದಿದ್ದರೆ ಮೂರು ಚೀಲ ಸೂಪರ್ ಫಾಸ್ಫೇಟ್ ಮತ್ತು ಒಂದು ಚೀಲ ಯೂರಿಯಾದ ಲೆಕ್ಕ ಹಾಕಿ ನೋಡಿ, 24 ಕೆ.ಜಿ. ರಂಜಕ, ಸುಮಾರು 20 ಕೆ.ಜಿ. ಸಾರಜನಕ ಸಿಗುತ್ತದೆ. ನಿಮ್ಮ ಭಾಗದ ಶೇಂಗಾಕ್ಕೆ ಅದರ ಗಂಧಕ ಮತ್ತು ಸುಣ್ಣದ ಅಂಶವೂ ಒಳ್ಳೆಯದು. ಚೀಲಗಳ ಭಾರ ಹೆಚ್ಚು, ಬಾಡಿಗೆ ಹೆಚ್ಚು. ಅದನ್ನೂ ಸೇರಿಸಿಯೇ ಹೋಲಿಸಿ.

ಪ್ರಶ್ನೆ: ಪೊಟ್ಯಾಷ್ ದರ ಏರಿದ ಮೇಲೆ ಅಡಿಕೆಗೆ ಒಂದು ವರ್ಷ ಬಿಟ್ಟರೆ ನಡೆಯುತ್ತದೆಯೇ? ಹಳೆಯ ಚೀಲಕ್ಕೂ ಹೊಸ ದರ ಕೇಳುತ್ತಾರೆ.
(ಶಿರಸಿ ಕಡೆಯ ಓದುಗರು)

ಉತ್ತರ: ನಾವು ಬಳಸುವ ಪೊಟ್ಯಾಷ್ ಹೊರದೇಶದಿಂದ ಬರುವುದರಿಂದ ಅದರ ಬೆಲೆ ಅಂತರರಾಷ್ಟ್ರೀಯ ಮಾರುಕಟ್ಟೆಯೊಂದಿಗೆ ಏರಿಳಿಯುತ್ತದೆ, ರಷ್ಯಾ, ಬೆಲಾರೂಸ್ ಕಡೆಯ ಪೂರೈಕೆ ಬಿಗಿಯಾದ 2022ರಲ್ಲಿ ಚೀಲ 1700 ರೂ. ಮುಟ್ಟಿತ್ತು. ಆದರೆ ಚೀಲದ ಮೇಲೆ ಮುದ್ರಿಸಿದ್ದಕ್ಕಿಂತ ಹೆಚ್ಚು ಕೇಳುವಂತಿಲ್ಲ, ದಾಸ್ತಾನು ಎಷ್ಟೇ ಹಳೆಯದಿರಲಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸಾದ ಪೊಟ್ಯಾಷ್ ಅಂಶ 140 ಗ್ರಾಂ, ಗೊಬ್ಬರದ ಲೆಕ್ಕದಲ್ಲಿ ಸುಮಾರು 235 ಗ್ರಾಂ. 50 ಕೆ.ಜಿ. ಚೀಲ ಇನ್ನೂರಕ್ಕೂ ಹೆಚ್ಚು ಮರಗಳಿಗೆ ಸಾಕು, 1700 ರೂ. ದರದಲ್ಲೂ ಮರಕ್ಕೆ ಬೀಳುವುದು ಎಂಟು ರೂಪಾಯಿಯಷ್ಟೇ. ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಷ್ ಹೆಚ್ಚಿದೆ ಎಂದು ಬಂದಿದ್ದರೆ ಪ್ರಮಾಣ ಇಳಿಸಿ, ಇಲ್ಲವಾದರೆ ಬಿಡಬೇಡಿ.