ರಸ್ತೆ ಖಾಲಿ ಇದ್ದರೂ ಜಾತ್ರೆಯಲ್ಲಿ ಜನರನ್ನು ಸುತ್ತಿಸಿ ಕಳುಹಿಸುವುದೇಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಂತೆ ಹೀಗಿದೆ: ಎಪ್ಪತ್ತು ದಾಟಿದ ತಾಯಿಯವರನ್ನು ಕರೆದುಕೊಂಡು ಹಾಸನಾಂಬೆಯ ದರ್ಶನಕ್ಕೆ ಬಂದಾಗ ದೇವಸ್ಥಾನದ ಹತ್ತಿರದ ಒಂದು ರಸ್ತೆ ಪೂರ್ತಿ ಖಾಲಿ ಇತ್ತು, ಆದರೂ ನಿಮ್ಮ ಕಾರನ್ನು ದೂರದಲ್ಲೇ ನಿಲ್ಲಿಸಿ, ನಿಮ್ಮನ್ನು ಸುತ್ತುದಾರಿಯಲ್ಲಿ ನಡೆಸಿ, ಹಾವಿನಂತೆ ಸುತ್ತುವ ಸಾಲಿಗೆ ಸೇರಿಸಿದರು. ಇದಕ್ಕೆ ಯೋಜನೆ ಎಂಬುದು ಇದೆಯೇ ಅಥವಾ ಅಲ್ಲಿ ನಿಂತಿರುವ ಪೊಲೀಸರ ಅಂದಂದಿನ ಮರ್ಜಿಯೇ ಎಂದು ಕೇಳಿದ್ದೀರಿ. ಸಿವಿಲ್ ಎಂಜಿನಿಯರ್ ಆಗಿ ಸರ್ಕಾರಿ ಸೇವೆಯಲ್ಲಿದ್ದಾಗ ಈ ಜಿಲ್ಲೆಯ ಜಾತ್ರೆ, ರಥೋತ್ಸವ, ಸಮಾವೇಶಗಳ ವೇದಿಕೆ ಮತ್ತು ಬ್ಯಾರಿಕೇಡ್‌ಗಳನ್ನು ಪರಿಶೀಲಿಸುವ ಕೆಲಸ ಅನೇಕ ವರ್ಷ ನನ್ನ ಪಾಲಿಗೆ ಬಂದಿತ್ತು. ಆ ಅನುಭವದಿಂದ ಉತ್ತರಿಸುತ್ತಿದ್ದೇನೆ. ಯೋಜನೆ ಇದೆ, ಮತ್ತು ಆ ಖಾಲಿ ರಸ್ತೆಯೇ ಅದರ ಅತಿ ಮುಖ್ಯ ಭಾಗ.

ಹಾಸನಾಂಬೆಯ ಬಾಗಿಲು ಆಶ್ವಯುಜ ಮಾಸದ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ವರ್ಷವಿಡೀ ಹರಡಿಕೊಳ್ಳಬಹುದಾಗಿದ್ದ ಜನ ಆ ಕೆಲವೇ ದಿನಗಳಲ್ಲಿ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಯಾಗಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ದೂರದ ಜಿಲ್ಲೆಗಳಿಂದ ಬರುವವರ ಸಂಖ್ಯೆ ಇನ್ನಷ್ಟು ಹೆಚ್ಚಿದೆ. ಆದರೆ ಗರ್ಭಗುಡಿಯ ಬಾಗಿಲು ಎಷ್ಟು ಅಗಲವಿತ್ತೋ ಇಂದಿಗೂ ಅಷ್ಟೇ ಇದೆ. ಎಲ್ಲ ಲೆಕ್ಕವೂ ಆ ಬಾಗಿಲಿನಿಂದಲೇ ಶುರುವಾಗಬೇಕು.

ಉದಾಹರಣೆಗೆ, ದೇವಿಯ ಎದುರು ಎರಡು ಸಾಲುಗಳು ಸಾಗುತ್ತಿವೆ, ಪ್ರತಿಯೊಬ್ಬರೂ ಒಂದೇ ಸೆಕೆಂಡು ನಿಂತು ಮುಂದೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 120 ಮಂದಿ, ಗಂಟೆಗೆ 7,200 ಮಂದಿ ಹೊರಬರುತ್ತಾರೆ. ಊರಿಗೆ ಗಂಟೆಗೆ 10,000 ಮಂದಿ ಬಂದಿಳಿಯುತ್ತಿದ್ದರೆ ಪ್ರತಿ ಗಂಟೆಗೂ 2,800 ಮಂದಿ ಉಳಿದುಕೊಳ್ಳುತ್ತಾರೆ. ಐದು ಗಂಟೆ ಕಳೆಯುವಷ್ಟರಲ್ಲಿ 14,000 ಮಂದಿ ಸಾಲಿನಲ್ಲಿರುತ್ತಾರೆ. ಒಂದು ಚದರ ಮೀಟರಿಗೆ ಇಬ್ಬರಂತೆ ಅವರನ್ನು ನೆಮ್ಮದಿಯಾಗಿ ನಿಲ್ಲಿಸಲು 7,000 ಚದರ ಮೀಟರ್ ಜಾಗ ಬೇಕು, ಅಂದರೆ ಎರಡು ಮೀಟರ್ ಅಗಲದ ಸಾಲು ಮೂರೂವರೆ ಕಿಲೋಮೀಟರ್ ಉದ್ದವಿರಬೇಕು. ನಿಮ್ಮ ತಾಯಿಯವರನ್ನು ದಣಿಸಿದ ಆ ಸುತ್ತುಸಾಲು ಹುಟ್ಟಿದ್ದು ಈ ಲೆಕ್ಕದಿಂದ. ಸಾಲನ್ನು ಚಿಕ್ಕದು ಮಾಡಿ ಅದೇ ಜನರನ್ನು ಬಾಗಿಲ ಮುಂದೆ ಒತ್ತೊತ್ತಾಗಿ ನಿಲ್ಲಿಸಿದರೆ ನಡೆಯುವ ದೂರ ಕಡಿಮೆಯಾಗುತ್ತದೆ, ಆದರೆ ಅಪಾಯ ಅಲ್ಲಿಂದಲೇ ಆರಂಭವಾಗುತ್ತದೆ.

ಆ ಅಪಾಯದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳವಿದೆ. ಕಾಲ್ತುಳಿತ ಎಂಬ ಪದ ಕೇಳಿದಾಗ ಜನ ಓಡಿದರು, ತುಳಿದರು ಎಂಬ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಜನಸಂದಣಿಯನ್ನು ಅಧ್ಯಯನ ಮಾಡಿದ ಅಮೆರಿಕದ ಎಂಜಿನಿಯರ್ ಜಾನ್ ಫ್ರೂಯಿನ್ ಅವರ ಪ್ರಕಾರ ಒಂದು ಚದರ ಮೀಟರಿನಲ್ಲಿ ಸುಮಾರು ಏಳು ಮಂದಿ ಸೇರಿಕೊಂಡಾಗ ಗುಂಪು ನೀರಿನಂತೆ ವರ್ತಿಸತೊಡಗುತ್ತದೆ. ಯಾರೋ ಒಬ್ಬರು ತಳ್ಳಿದ ಅಲೆ ಬಹುದೂರ ಸಾಗುತ್ತದೆ, ಯಾರ ಕಾಲೂ ಯಾರ ಹಿಡಿತದಲ್ಲೂ ಇರುವುದಿಲ್ಲ. ಬಹುಪಾಲು ಸಾವುಗಳು ನಿಂತಲ್ಲೇ ಎದೆ ಅದುಮಿ, ಉಸಿರಾಡಲಾಗದೆ ಸಂಭವಿಸುತ್ತವೆ. ದಕ್ಷಿಣ ಕೊರಿಯಾದ ಇಟೆವೊನ್‌ನಲ್ಲಿ 2022ರ ಅಕ್ಟೋಬರ್ 29ರಂದು ಒಂದು ಇಕ್ಕಟ್ಟಾದ ಓಣಿಯಲ್ಲಿ 150ಕ್ಕೂ ಹೆಚ್ಚು ಮಂದಿ ಸತ್ತಿದ್ದು ಹೀಗೆಯೇ. ಇಲ್ಲಿ ಜನ ಕಿಕ್ಕಿರಿಯುತ್ತಿದ್ದಾರೆ ಎಂದು ಪೊಲೀಸರಿಗೆ ದೂರವಾಣಿ ಕರೆಗಳು ಅದಕ್ಕೆ ಸುಮಾರು ಮೂರೂವರೆ ಗಂಟೆ ಮೊದಲೇ ಬರತೊಡಗಿದ್ದವು. ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಪ್ರಾಣ ಬಿಟ್ಟರು. ಆರ್‌ಸಿಬಿ ಕ್ರಿಕೆಟ್ ತಂಡ ಐಪಿಎಲ್ ಗೆದ್ದದ್ದು ಹಿಂದಿನ ರಾತ್ರಿ, ವಿಜಯೋತ್ಸವ ನಡೆದದ್ದು ಮರುದಿನ ಸಂಜೆ. ವಾರಗಟ್ಟಲೆ ಮಾಡಬೇಕಾದ ತಯಾರಿಗೆ ಒಂದು ದಿನವೂ ಸಿಕ್ಕಿರಲಿಲ್ಲ. ಆ ಸುದ್ದಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ಜನರನ್ನು ತಡೆಯುವ ಕೆಲಸ ಬಾಗಿಲಲ್ಲಿ ನಡೆಯಬಾರದು, ಸಾಧ್ಯವಾದಷ್ಟು ದೂರದಲ್ಲಿ ನಡೆಯಬೇಕು. ಹಾಸನಕ್ಕೆ ಚನ್ನರಾಯಪಟ್ಟಣ, ಸಕಲೇಶಪುರ, ಹೊಳೆನರಸೀಪುರ, ಅರಸೀಕೆರೆ, ಬೇಲೂರು ಕಡೆಗಳಿಂದ ವಾಹನಗಳು ಬರುತ್ತವೆ. ಪ್ರತಿ ದಿಕ್ಕಿನ ವಾಹನಗಳಿಗೂ ಆಯಾ ದಿಕ್ಕಿನಲ್ಲೇ ನಿಲುಗಡೆ ಸಿಕ್ಕಿದರೆ ಅವು ಬಿ.ಎಂ. ರಸ್ತೆಗೋ ಎನ್.ಆರ್. ವೃತ್ತಕ್ಕೋ ಬಂದು ಒಂದನ್ನೊಂದು ಅಡ್ಡಹಾಯುವ ಪ್ರಸಂಗವೇ ಬರುವುದಿಲ್ಲ. ದರ್ಶನ ಮುಗಿಸಿದ ಕಾರೂ ಊರ ಮಧ್ಯಕ್ಕೆ ಬರದೆ ಬಂದ ದಿಕ್ಕಿಗೇ ಹೊರಡುತ್ತದೆ. ಹೀಗೆ ಸಂಚಾರ ಬದಲಿಸಲು ಜಿಲ್ಲಾಡಳಿತ ಮೋಟಾರು ವಾಹನಗಳ ಕಾಯ್ದೆ 1988ರ 115ನೇ ಕಲಂ ಅಡಿಯಲ್ಲಿ ಅಧಿಕೃತ ಆದೇಶ ಹೊರಡಿಸಬಹುದು, ಆದ್ದರಿಂದ ಅದು ರಸ್ತೆಯಲ್ಲಿ ನಿಂತ ಪೇದೆಯ ಮರ್ಜಿಯಲ್ಲ. ಉಳಿದಂತೆ ಪೂರ್ವಭಾವಿ ಸಭೆಗಳು, ಬಂದೋಬಸ್ತ್ ಸ್ಕೀಮ್ (ಯಾವ ಪೊಲೀಸರು ಎಲ್ಲಿರಬೇಕೆಂಬ ಲಿಖಿತ ಯೋಜನೆ), ಊರನ್ನು ಸೆಕ್ಟರ್‌ಗಳಾಗಿ ಹಂಚುವುದು, ಗೃಹರಕ್ಷಕರ ಪಾಳಿ, ಸಿಸಿಟಿವಿ, ನಿಯಂತ್ರಣ ಕೊಠಡಿ ಇವೆಲ್ಲ ಎಲ್ಲ ಊರುಗಳಲ್ಲೂ ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತವೆ.

ಇನ್ನು ಆ ಖಾಲಿ ರಸ್ತೆಯ ವಿಷಯ. ಅದು ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಕ್ಕೆ ಮೀಸಲಾದ ದಾರಿ, ತುರ್ತು ಸಂದರ್ಭದಲ್ಲಿ ಸಾಲಿನ ಜನರನ್ನು ಬಿಡಿಸಿ ಕಳುಹಿಸುವ ದಾರಿಯೂ ಅದೇ. ನನ್ನ ಅನುಭವದಲ್ಲಿ, ಇಡೀ ಯೋಜನೆಯಲ್ಲಿ ಉಳಿಸಿಕೊಳ್ಳಲು ಅತ್ಯಂತ ಕಷ್ಟವಾದದ್ದು ಈ ಖಾಲಿ ಜಾಗ. ಅದನ್ನು ಕಂಡ ಪ್ರತಿಯೊಬ್ಬ ಗಣ್ಯರ ಕಾರಿನ ಚಾಲಕನಿಗೂ, ಕಡ್ಲೆಪುರಿ ಗಾಡಿಯವನಿಗೂ ಅದು ವ್ಯರ್ಥವಾಗಿ ಬಿದ್ದಿರುವಂತೆ ಕಾಣುತ್ತದೆ. ಗಣ್ಯರ ವಾಹನಗಳನ್ನು ಅಲ್ಲಿ ಬಿಡುವುದನ್ನು ನಾನು ಎಂದೂ ಒಪ್ಪಿಕೊಂಡಿಲ್ಲ, ಇಂದಿಗೂ ಒಪ್ಪುವುದಿಲ್ಲ.

ಜಿಲ್ಲೆಯ ಒಂದು ಜಾತ್ರೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಾಲಿನ ಪಕ್ಕದಲ್ಲಿ ಪ್ರತಿ ಐವತ್ತು ಮೀಟರಿಗೆ ಒಂದರಂತೆ ತುರ್ತು ಗೇಟು ಇಡಿಸಿ, ಎಲ್ಲವನ್ನೂ ಸಂಜೆ ಕೈಯಿಂದಲೇ ತೆರೆದು ನೋಡಿ ಬಂದಿದ್ದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸು ಸಾಲಿನಲ್ಲೇ ಕುಸಿದರು. ಗೇಟಿನ ಹತ್ತಿರ ಓಡಿದರೆ ಅದು ತೆರೆಯಲಿಲ್ಲ. ನಡುವೆ ನುಗ್ಗುವವರನ್ನು ತಡೆಯಲು ಯಾರೋ ಕೆಲಸದ ಹುಡುಗರು ಬೈಂಡಿಂಗ್ ತಂತಿಯಿಂದ ಅದನ್ನು ನಾಲ್ಕು ಸುತ್ತು ಬಿಗಿದಿದ್ದರು. ತಂತಿ ಬಿಡಿಸುವಷ್ಟರಲ್ಲಿ ನನ್ನ ಬೆರಳು ಕೊಯ್ದುಹೋಯಿತು. ಆ ತಾಯಿಯನ್ನು ಜನರ ತಲೆಯ ಮೇಲಿಂದ ಕೈಗೆ ಕೈ ದಾಟಿಸಿ ಹೊರತಂದೆವು. ದೇವರ ದಯೆ, ನೀರು ಗಾಳಿ ಸಿಕ್ಕ ಮೇಲೆ ಅವರು ಚೇತರಿಸಿಕೊಂಡರು. ಅಂದಿನಿಂದ ನಿವೃತ್ತಿಯವರೆಗೂ ಕಟಿಂಗ್ ಪ್ಲೇಯರ್ ಜೇಬಿನಲ್ಲಿಲ್ಲದೆ ನಾನು ಯಾವ ಜಾತ್ರೆಗೂ ಕಾಲಿಡಲಿಲ್ಲ, ಸಂಜೆ ನೋಡಿದ ಗೇಟುಗಳನ್ನು ಮಧ್ಯರಾತ್ರಿ ಮತ್ತೊಮ್ಮೆ ನೋಡದೆ ಮಲಗಲೂ ಇಲ್ಲ.

ಹೊರಹೋಗುವ ದಾರಿಗೆ ನಮ್ಮಲ್ಲಿ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ದರ್ಶನವಾದವರು ಹೊರಬಂದ ಕೂಡಲೇ ಚಪ್ಪಲಿ ಹುಡುಕಲು ಬಗ್ಗುತ್ತಾರೆ, ಪ್ರಸಾದ ತೆಗೆದುಕೊಳ್ಳಲು ನಿಲ್ಲುತ್ತಾರೆ, ತಪ್ಪಿಸಿಕೊಂಡ ಅತ್ತಿಗೆಗಾಗಿ ಕಾಯುತ್ತಾರೆ. ಅಲ್ಲಿ ಹತ್ತು ಮಂದಿ ನಿಂತರೆ ಸಾಕು, ಒಳಗಿನ ಸಾಲು ಬಿಗಿಯುತ್ತದೆ, ಹಿಂದಿನವರಿಗೆ ಕಾರಣ ಕಾಣದೆ ಮುಂದಕ್ಕೆ ಒತ್ತುತ್ತಾರೆ. ಚಪ್ಪಲಿ ಬಿಡುವ ಜಾಗವನ್ನು ನೂರು ಮೀಟರ್ ಆಚೆಗೆ ಸರಿಸಿದರೆ ಆಗುವ ಉಪಕಾರ ಇಪ್ಪತ್ತು ಪೊಲೀಸರನ್ನು ಹೆಚ್ಚಿಗೆ ಹಾಕಿದರೂ ಆಗುವುದಿಲ್ಲ. ಹಾಗೆಯೇ ಧ್ವನಿವರ್ಧಕ. 2023ರ ನವೆಂಬರ್‌ನಲ್ಲಿ ಹಾಸನಾಂಬೆಯ ಸಾಲಿನಲ್ಲೇ ವಿದ್ಯುತ್ ತಗುಲಿತೆಂಬ ಗಾಬರಿಗೆ ಜನ ದಿಕ್ಕಾಪಾಲಾಗಿ, ಹಲವರು ಆಸ್ಪತ್ರೆ ಸೇರಬೇಕಾಯಿತು. ತಂತಿಗಳು ಬ್ಯಾರಿಕೇಡ್‌ಗೆ ತಾಗದಂತೆ ಎಳೆಯುವುದು ಮೊದಲ ಪಾಠ. ಗಾಬರಿಯಾದ ಕ್ಷಣದಲ್ಲೇ ಮೈಕಿನಲ್ಲಿ ಒಬ್ಬರು ಸಮಾಧಾನದ ದನಿಯಲ್ಲಿ ಏನಾಗಿದೆ, ಎತ್ತ ಸರಿಯಬೇಕು ಎಂದು ಹೇಳುವಂತಿರಬೇಕು ಎಂಬುದು ಎರಡನೆಯದು. ಇನ್ನೆಷ್ಟು ಹೊತ್ತು ಎಂದು ತಿಳಿದ ಜನ ಎರಡು ಗಂಟೆಯಾದರೂ ತಾಳ್ಮೆಯಿಂದ ನಿಲ್ಲುತ್ತಾರೆ.

ಮೆರವಣಿಗೆಯ ಲೆಕ್ಕ ಬೇರೆ, ಅಲ್ಲಿ ಜನ ಮತ್ತು ವಾಹನ ಒಂದೇ ರಸ್ತೆಯಲ್ಲಿರುತ್ತಾರೆ. 2025ರ ಸೆಪ್ಟೆಂಬರ್ 12ರಂದು ನಮ್ಮ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿ ಹಲವು ಯುವಕರು ತೀರಿಕೊಂಡರು. ಹೆದ್ದಾರಿಯಲ್ಲಿ ಮೆರವಣಿಗೆ ಸಾಗುವಷ್ಟು ಹೊತ್ತು ಎದುರು ಬದಿಯ ಭಾರಿ ವಾಹನಗಳನ್ನೂ ಒಂದೆರಡು ಕಿಲೋಮೀಟರ್ ಹಿಂದೆಯೇ ನಿಲ್ಲಿಸಬೇಕು, ಹಳ್ಳಿಯ ಮೆರವಣಿಗೆಗೂ ಈ ನಿಯಮ ಅನ್ವಯಿಸಬೇಕು ಎಂದು ನಾನು ಒತ್ತಾಯಿಸುತ್ತೇನೆ. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಕಷ್ಟ ಇನ್ನೊಂದು ಬಗೆಯದು. ದತ್ತ ಜಯಂತಿಯ ಹೊತ್ತಿಗೆ ಬಾಬಾಬುಡನ್‌ಗಿರಿಯ ಕಿರಿದಾದ ರಸ್ತೆಗೆ ಹತ್ತುವ ವಾಹನಗಳನ್ನು ಕೆಳಗೆ ಕೈಮರದ ತಪಾಸಣಾ ಠಾಣೆಯಲ್ಲೇ ತಡೆದು, ಸ್ವಲ್ಪಸ್ವಲ್ಪವಾಗಿ ಮೇಲೆ ಬಿಡಬೇಕಾಗುತ್ತದೆ. ದೀಪಾವಳಿಯಲ್ಲಿ ದೇವೀರಮ್ಮನ ಬೆಟ್ಟವನ್ನು ಹತ್ತುವವರೂ ಇಳಿಯುವವರೂ ಮಳೆಗೆ ಜಾರುವ ಕಡಿದಾದ ದಾರಿಯಲ್ಲಿ ಎದುರಾದರೆ ಬ್ಯಾರಿಕೇಡ್ ನೆಡಲೂ ಅಲ್ಲಿ ನೆಲವಿರುವುದಿಲ್ಲ.

ನೀವು ಮತ್ತೆ ತಾಯಿಯವರೊಂದಿಗೆ ಬರುವುದಾದರೆ, ಬಾಗಿಲು ತೆರೆಯುವ ಮೊದಲ ದಿನ ಮತ್ತು ಮುಚ್ಚುವ ಕೊನೆಯ ದಿನ ಸಾರ್ವಜನಿಕ ದರ್ಶನ ಇರುವುದಿಲ್ಲ ಎಂಬುದನ್ನು ನೆನಪಿಡಿ. ವಾರಾಂತ್ಯ ಮತ್ತು ಹಬ್ಬದ ರಜೆಗಳನ್ನು ಬಿಟ್ಟು, ಆರಂಭದ ವಾರದ ಮಂಗಳವಾರವೋ ಬುಧವಾರವೋ ನಸುಕಿನಲ್ಲೇ ಬನ್ನಿ. ಹಿರಿಯರಿಗೆ ಪ್ರತ್ಯೇಕ ಸಾಲು ಇದೆಯೇ ಎಂದು ಸಾಲಿಗೆ ಸೇರುವ ಮೊದಲೇ ಸಹಾಯವಾಣಿ ಕೇಂದ್ರದಲ್ಲಿ ಕೇಳಿ, ಒಳಹೊಕ್ಕ ಮೇಲೆ ಅಡ್ಡದಾಟುವುದು ಬಹಳ ಕಷ್ಟ. ಸಾಲಿನಲ್ಲಿ ಅವರನ್ನು ತುರ್ತು ಗೇಟುಗಳಿರುವ ಬದಿಯಲ್ಲೇ ನಿಲ್ಲಿಸಿಕೊಳ್ಳಿ.